ವರ್ಚುವಲ್ ಜಗತ್ತಿನಲ್ಲಿ ಭಾಷಾ ಪಾಠ: ಗಡಿನಾಡಿನ ಕನ್ನಡ ಶಿಕ್ಷಕರಿಗೊಂದು ಮಾಹಿತಿ ಲೇಖನ



ನಾರಾಯಣಪೇಟೆ, ಮಕ್ತಲ್ ಮತ್ತು ಗದ್ವಾಲ್ ಕಡೆಯ ಸದಸ್ಯರು ಇತ್ತೀಚೆಗೆ ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ: "ಕಾರ್ಯದರ್ಶಿಗಳೇ, ಮಕ್ಕಳು ಕಂಪ್ಯೂಟರಿನಲ್ಲಿ ಮನೆ ಕಟ್ಟಿ ಆಡುತ್ತಾರಲ್ಲ, ಅಂಥ ಆಟದಲ್ಲಿ ಭಾಷೆ ಕಲಿಸಬಹುದಂತೆ, ಹೌದೇ?" ಹೌದು, ಕಲಿಸಬಹುದು. ಆದರೆ ಯಂತ್ರ ಕೊಳ್ಳುವುದಕ್ಕಿಂತ ಮೊದಲು ಶಿಕ್ಷಕರು ತಯಾರಾಗಬೇಕು. ಈ ಕ್ರಮ ತಪ್ಪಿದರೆ ಹಣವೂ ಹೋಗುತ್ತದೆ, ಹುರುಪೂ ಹೋಗುತ್ತದೆ. ಗುಮಾಸ್ತನಾಗಿ ನೌಕರಿ ಮಾಡಿದವನಿಗೆ ಕಡತ ಕಟ್ಟುವ ಚಟ ಹೋಗುವುದಿಲ್ಲ. ಈ ವಿಷಯದಲ್ಲಿ ಕೂಡಿಟ್ಟ ಮಾಹಿತಿಯನ್ನು ಇಲ್ಲಿ ಒಪ್ಪವಾಗಿ ಇಟ್ಟಿದ್ದೇನೆ.

ನಮಗೆ ಇದರ ಅಗತ್ಯವೇನು?

ಗದ್ವಾಲ್ ಮತ್ತು ಆಲಂಪುರ ತಾಲೂಕುಗಳು 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು, ಈ ಎರಡು ತಾಲೂಕುಗಳು ಆಂಧ್ರಕ್ಕೆ ಸೇರಿದವು. ಗೆರೆ ನಕ್ಷೆಯ ಮೇಲೆ ಬಿತ್ತು. ಮದುವೆ ಸಂಬಂಧ, ಸಂತೆ, ಜಾತ್ರೆ ಎಲ್ಲ ಮೊದಲಿನಂತೆಯೇ ನಡೆದವು. ಮಕ್ತಲ್ ಆಚೆ ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಇಂದಿಗೂ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ.

ನಮ್ಮಲ್ಲಿ ಎರಡು ಬಗೆಯ ಮಕ್ಕಳಿದ್ದಾರೆ. ಒಂದು, ಕನ್ನಡ ಮಾಧ್ಯಮದಲ್ಲಿ ಓದುವವರು. ಇನ್ನೊಂದು, ಪಟ್ಟಣಗಳಲ್ಲಿ ಮನೆಮಾತು ಕನ್ನಡವಾಗಿದ್ದೂ ತೆಲುಗು ಅಥವಾ ಇಂಗ್ಲಿಷಿನಲ್ಲಿ ಓದುವವರು. ಮೊದಲಿನವರಿಗೆ ಅಕ್ಷರ ಬರುತ್ತದೆ. ಶಾಲೆಯ ಗೇಟು ದಾಟಿದರೆ ಬಸ್ಸಿನ ಬೋರ್ಡು, ಮಂಡಲ ಕಚೇರಿ, ಔಷಧಿ ಅಂಗಡಿ ಎಲ್ಲವೂ ತೆಲುಗು. ಎರಡನೆಯವರಿಗೆ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಆ ಮಾತೂ ಅಡುಗೆಮನೆಯಿಂದ ಅಂಗಳದವರೆಗೆ ಮಾತ್ರ.

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣದ ಸೌಲಭ್ಯ ಇರಬೇಕೆನ್ನುತ್ತದೆ. ತೆಲಂಗಾಣದ 2018ರ ಕಾಯ್ದೆಯಂತೆ ಶಾಲೆಗಳಲ್ಲಿ ತೆಲುಗು ಕಲಿಕೆ ಕಡ್ಡಾಯ. ಇರುವ ನೆಲದ ಭಾಷೆ ಕಲಿಯುವುದು ನ್ಯಾಯವೇ. ಕಾನೂನು ಒಂದು ತರಗತಿ ಕೊಡಬಹುದು. ಕನ್ನಡದಲ್ಲಿ ಚೌಕಾಸಿ ಮಾಡಲು, ದಾರಿ ಕೇಳಲು, ಗೆಳೆಯನೊಡನೆ ಜಗಳವಾಡಲು ಜಾಗ ಕೊಡಲಾರದು. ಆಡದ ಭಾಷೆ ಪರೀಕ್ಷೆಯ ವಿಷಯವಾಗಿ ಉಳಿಯುತ್ತದೆ. ಪರೀಕ್ಷೆ ಮುಗಿದ ಮೇಲೆ ಅದೂ ಇಲ್ಲ. ವರ್ಚುವಲ್ ಜಗತ್ತಿನಿಂದ ನಮಗೆ ಬೇಕಾದದ್ದು ಆ ಜಾಗ.

ವರ್ಚುವಲ್ ಜಗತ್ತು ಎಂದರೇನು?

ಕಂಪ್ಯೂಟರಿನೊಳಗೆ ಕಟ್ಟಿದ ಊರು ಎಂದುಕೊಳ್ಳಿ. ಒಳಗೆ ಹೋದ ಪ್ರತಿಯೊಬ್ಬರಿಗೂ ಒಂದು ಗೊಂಬೆಯ ರೂಪ ಇರುತ್ತದೆ. ಅದಕ್ಕೆ ನಮ್ಮದೇ 'ಅವತಾರ' ಎಂಬ ಪದದಿಂದ ಬಂದ ಹೆಸರು, 'ಅವತಾರ್'. ಆ ಗೊಂಬೆ ನಡೆಯುತ್ತದೆ, ವಸ್ತು ಎತ್ತುತ್ತದೆ, ಗೋಡೆ ಕಟ್ಟುತ್ತದೆ, ಬೇರೆ ಊರಿನ ಗೊಂಬೆಯೊಡನೆ ಮಾತಾಡುತ್ತದೆ. ಕಣ್ಣಿಗೆ ಕಟ್ಟುವ ದುಬಾರಿ ಹೆಡ್‌ಸೆಟ್ ಇದಕ್ಕೆ ಬೇಕೇ ಬೇಕೆಂದಿಲ್ಲ. ಸಾಧಾರಣ ಕಂಪ್ಯೂಟರ್ ಸಾಕು. ವಿಡಿಯೋ ಪಾಠದಲ್ಲಿ ಮಗು ನೋಡುತ್ತದೆ. ಇಲ್ಲಿ ಮಾಡುತ್ತದೆ, ಮಾಡುವಾಗ ಮಾತಾಡಲೇಬೇಕಾಗುತ್ತದೆ. ತಪ್ಪಿದರೆ ನಗೆಪಾಟಲಾಗುವುದು ಗೊಂಬೆ, ತಾನಲ್ಲ ಎಂಬ ಧೈರ್ಯ ಸಂಕೋಚದ ಮಕ್ಕಳ ಬಾಯಿ ಬಿಡಿಸುತ್ತದೆ.

ಇದು ಎಲ್ಲೆಲ್ಲಿ ನಡೆದಿದೆ?

ಈ ಪ್ರಯೋಗ ಹೊಸದಲ್ಲ. 1994ರಲ್ಲೇ 'ಷ್ಮೂಜ್ ಯೂನಿವರ್ಸಿಟಿ' ಎಂಬ ಲೋಕ ಇಂಗ್ಲಿಷ್ ಕಲಿಯುವವರಿಗಾಗಿ ತೆರೆದಿತ್ತು. ಅದರಲ್ಲಿ ಚಿತ್ರವಿರಲಿಲ್ಲ, ಬರೀ ಅಕ್ಷರ. 'ನೀವು ಅಂಗಳದಲ್ಲಿದ್ದೀರಿ' ಎಂಬಂಥ ವಾಕ್ಯ ಓದಿ, ಉತ್ತರ ಟೈಪು ಮಾಡಿ ಮುಂದೆ ಸಾಗುವುದು. 2003ರಲ್ಲಿ ಅಮೆರಿಕದ ಲಿಂಡೆನ್ ಲ್ಯಾಬ್ 'ಸೆಕೆಂಡ್ ಲೈಫ್' ತೆರೆದ ಮೇಲೆ ಜರ್ಮನಿಯ ಗಯಟೆ ಇನ್‌ಸ್ಟಿಟ್ಯೂಟ್, ಸ್ಪೇನಿನ ಸೆರ್ವಾಂಟೆಸ್ ಸಂಸ್ಥೆ ಮುಂತಾದವು ಅದರೊಳಗೆ ತಮ್ಮ ನೆಲೆ ಮಾಡಿಕೊಂಡವು. 2007ರಿಂದ ಭಾಷಾ ಶಿಕ್ಷಕರು ಅಲ್ಲಿಯೇ 'ಎಸ್‌ಲ್ಯಾಂಗ್ವೇಜಸ್' ಎಂಬ ಸಮ್ಮೇಳನ ನಡೆಸಿದರು.

ಕಟ್ಟಡ ಕಟ್ಟಿದರೆ ಪಾಠವಾಗುವುದಿಲ್ಲ ಎಂಬುದು ಬೇಗ ತಿಳಿಯಿತು. ಯುರೋಪಿನಲ್ಲಿ 2009ರಲ್ಲಿ ಆರಂಭವಾದ 'ಅವಲಾನ್' ಯೋಜನೆ ಈ ಲೋಕಗಳಲ್ಲಿ ಪಾಠ ಮಾಡುವ ಬಗೆಯನ್ನು ಶಿಕ್ಷಕರಿಗೆ ಕಲಿಸುವುದನ್ನೇ ಒಂದು ಮುಖ್ಯ ಕೆಲಸವಾಗಿ ಎತ್ತಿಕೊಂಡಿತು. 'ಎಲೆಕ್ಟ್ರಾನಿಕ್ ವಿಲೇಜ್ ಆನ್‌ಲೈನ್' ಎಂಬ ಸ್ವಯಂಸೇವಕರ ಕೂಟ ಪ್ರತಿ ವರ್ಷದ ಮೊದಲ ತಿಂಗಳುಗಳಲ್ಲಿ ಭಾಷಾ ಶಿಕ್ಷಕರಿಗೆ ಐದು ವಾರಗಳ ಉಚಿತ ತರಬೇತಿ ನಡೆಸುತ್ತ ಬಂದಿದೆ. 2015ರಿಂದ ಅದರಲ್ಲಿ 'ಮೈನ್‌ಕ್ರಾಫ್ಟ್' ಆಟಕ್ಕೆ ಪ್ರತ್ಯೇಕ ವಿಭಾಗ ಸೇರಿತು. ಅಲ್ಲಿ ಉಪನ್ಯಾಸಕ್ಕಿಂತ ಆಟವೇ ಹೆಚ್ಚು. ಶಿಕ್ಷಕರು ಒಬ್ಬರಿಂದೊಬ್ಬರು ಕಲಿಯುತ್ತಾರೆ.

ನಮ್ಮಂಥವರಿಗೆ ಹತ್ತಿರವಾದ ಉದಾಹರಣೆ ಕೆನಡಾದ ಮ್ಯಾನಿಟೋಬಾದ್ದು. ಅಲ್ಲಿನ ಮೂಲನಿವಾಸಿ ಅನಿಶಿನಾಬೆ ಜನರ ಹಿರಿಯರ ಜೊತೆ ಕೂತು ಒಂದು ಶಾಲಾ ವಿಭಾಗ 2021ರಲ್ಲಿ ಮೈನ್‌ಕ್ರಾಫ್ಟಿನೊಳಗೆ 'ಮಾನಿಟೊ ಅಬಿ ಅಕಿ' ಎಂಬ ಲೋಕ ಕಟ್ಟಿಸಿತು. ನ್ಯೂಜಿಲೆಂಡಿನಲ್ಲಿ ಮಾವೊರಿ ಭಾಷೆಗೂ ಅಂಥದೇ ಲೋಕವಿದೆ. ಎರಡರಲ್ಲೂ ಊರು, ಬದುಕು ಆ ಜನರವೇ. ಮಾತು ಬದುಕಿನ ಜೊತೆಗೇ ಬರುತ್ತದೆ.

ಇತ್ತ ಕಾಸರಗೋಡಿನ ಕನ್ನಡ ಬಂಧುಗಳನ್ನು ನೋಡಿ. ಕೇರಳದ 'ಕೈಟ್' ಸಂಸ್ಥೆ ಶಾಲಾ ಶಿಕ್ಷಕರಿಗೆ ಮುಕ್ತ ತಂತ್ರಾಂಶದ ಮೇಲೆ ತರಬೇತಿ ಕೊಡುತ್ತದೆ, ಕಂಪ್ಯೂಟರ್ ಪಠ್ಯಪುಸ್ತಕ ಕನ್ನಡ ಮಾಧ್ಯಮದ ಮಕ್ಕಳಿಗೂ ಇದೆ. ಅದು ವರ್ಚುವಲ್ ಜಗತ್ತಲ್ಲ. ಆದರೆ ಅಲ್ಪಸಂಖ್ಯಾತ ಭಾಷೆಯ ಶಿಕ್ಷಕರನ್ನು ತಂತ್ರಜ್ಞಾನದಿಂದ ಹೊರಗಿಡದೆ ನಡೆಸಬಹುದು ಎಂಬುದಕ್ಕೆ ಸಾಕ್ಷಿ.

ಶಿಕ್ಷಕರು ಕಲಿಯಬೇಕಾದದ್ದೇನು?

ಹಿಂದೊಮ್ಮೆ ನಾನೂ ಒಂದು ತರಬೇತಿಗೆ ಹೋಗಿದ್ದೆ. ಒಂದು ದಿನದ ಕಾರ್ಯಕ್ರಮ. ಸಾಲಾಗಿ ನಿಲ್ಲಿಸಿ ತಲೆಗೆ ಹೆಡ್‌ಸೆಟ್ ಕಟ್ಟಿ ಸಮುದ್ರದೊಳಗಿನ ಮೀನು ತೋರಿಸಿದರು, ಫೋಟೋ ತೆಗೆದರು, ಊಟವಾದ ಮೇಲೆ ಪ್ರಮಾಣಪತ್ರ ಕೊಟ್ಟರು. ಹೊರಗೆ ಬಂದ ಮೇಲೆ ಒಬ್ಬ ಟೀಚರಮ್ಮ ಕೇಳಿದರು: "ಸರ್, ನಾಳೆ ಕ್ಲಾಸಿನ್ಯಾಗ ಏನು ಮಾಡ್ಲಿ?" ಉತ್ತರ ಯಾರ ಹತ್ತಿರವೂ ಇರಲಿಲ್ಲ. ತರಬೇತಿ ಶುರುವಾಗಬೇಕಾದದ್ದು ಆ ಪ್ರಶ್ನೆಯಿಂದ. ಐದು ಹಂತಗಳನ್ನು ಹೀಗೆ ನಮೂದಿಸಬಹುದು.

1. ಮೊದಲು ತಾವೇ ಒಳಹೋಗುವುದು. ಮೊಮ್ಮಗಳ ಪಕ್ಕ ಕೂತು ನಾನು ಮೊದಲ ಸಲ ಆಡಿದಾಗ ನನ್ನ ಗೊಂಬೆ ಅರ್ಧ ತಾಸು ಒಂದೇ ಮೂಲೆಯಲ್ಲಿ ತಲೆ ಚಚ್ಚಿಕೊಳ್ಳುತ್ತಿತ್ತು. "ತಾತಾ, ಗ್ವಾಡಿಗೆ ಯಾಕ ಹಾಯ್ತೀರಿ, ಹಿಂದಕ್ಕ ಹೊರಳ್ರಿ" ಎಂದು ಅವಳು ಹೇಳಿಕೊಟ್ಟಳು. ಆ ಅರ್ಧ ತಾಸು ಅವಳು ಗುರು, ನಾನು ಶಿಷ್ಯ. ಅವಳು ಅಷ್ಟು ಹೊತ್ತು ಕನ್ನಡದಲ್ಲಿ ಹೇಳಿಕೊಟ್ಟದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಆನ್‌ಲೈನ್ ಕಲಿಕೆಯ ಬಗ್ಗೆ ಬರೆದ ಗಿಲಿ ಸಾಲ್ಮನ್ ಅವರು 2000ದ ತಮ್ಮ ಪುಸ್ತಕದಲ್ಲಿ ಇದನ್ನೇ ಕ್ರಮವಾಗಿ ಹೇಳಿದ್ದಾರೆ: ಮೊದಲು ಒಳಬರುವುದು, ಆಮೇಲೆ ಪರಿಚಯ, ಆಮೇಲೆ ಮಾಹಿತಿ ವಿನಿಮಯ, ಗಟ್ಟಿ ಕಲಿಕೆ ನಂತರದ್ದು.

2. ಕೆಲಸ ಹೆಣೆಯುವುದು. 'ಆಡಿ' ಎಂದು ಬಿಟ್ಟರೆ ಮಕ್ಕಳು ಮಾತಿಲ್ಲದೆ ಆಡುತ್ತಾರೆ. ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿರಬಾರದು. ಆಗ ಮಾತು ಬೇಕೇ ಆಗುತ್ತದೆ. ತರಬೇತಿಯ ಅರ್ಧ ಸಮಯ ಇದಕ್ಕೇ ಮೀಸಲಿರಲಿ.

3. ಸುಮ್ಮನಿರುವುದು. ಆಟದ ನಡುವೆ ಪ್ರತಿ ತಪ್ಪನ್ನೂ ತಿದ್ದಿದರೆ ಮಗು ಬಾಯಿ ಮುಚ್ಚುತ್ತದೆ. ತಪ್ಪುಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ತೆಲುಗು ಪದ ಬಂದರೆ ಬರಲಿ.

4. ಹೊರಬಂದ ಮೇಲೆ ಮಾತಾಡಿಸುವುದು. ಪರದೆ ಆರಿಸಿದ ಮೇಲೆ ಏನಾಯಿತು, ಯಾರು ದಾರಿ ತಪ್ಪಿದರು, ಯಾವ ಪದ ಸಿಗಲಿಲ್ಲ ಎಂದು ಕೇಳಿ. ಭಾಷೆ ಗಟ್ಟಿಯಾಗುವುದು ಈ ಹತ್ತು ನಿಮಿಷದಲ್ಲಿ.

5. ಜೊತೆಗಾರರನ್ನು ಹುಡುಕುವುದು. ಒಬ್ಬಂಟಿ ಶಿಕ್ಷಕರು ಎರಡನೇ ತಿಂಗಳಿಗೆ ಕೈಬಿಡುತ್ತಾರೆ. ಮಕ್ತಲ್ ಕಡೆಯವರಿಗೆ ರಾಯಚೂರಿನ ಒಬ್ಬ ಶಿಕ್ಷಕರು ಜೊತೆಯಾದರೆ ಎರಡೂ ಕಡೆಯ ಮಕ್ಕಳಿಗೆ ಮಾತಾಡಲು ಜನ ಸಿಕ್ಕಂತಾಯಿತು.

ಒಂದು ಮಾದರಿ ಪಾಠ

ಕೃಷ್ಣಾ ನದಿಯ ನಡುಗಡ್ಡೆಯಾದ ಕುರವಪುರ ಶ್ರೀಪಾದ ಶ್ರೀವಲ್ಲಭರ ಕ್ಷೇತ್ರ. ಅದು ರಾಯಚೂರು ಜಿಲ್ಲೆಯದು. ಮಕ್ತಲ್ ಕಡೆಯಿಂದ ಹೋಗುವವರು ಪಂಚದೇವಪಹಾಡದಲ್ಲಿ ನದಿಗಿಳಿಯುತ್ತಾರೆ. ಆಟದಲ್ಲಿ ಒಂದು ನದಿ, ನಡುವೆ ದ್ವೀಪ, ದಡದಲ್ಲಿ ನಾಲ್ಕು ಗಿಡ, ಒಂದು ಕಟ್ಟೆ, ಒಂದು ದೋಣಿ ಮಾಡಿಟ್ಟುಕೊಳ್ಳಿ. ತರಗತಿಯಲ್ಲಿ ಒಂದೇ ಕಂಪ್ಯೂಟರ್ ಇದ್ದರೂ ಸಾಕು.

ಮಕ್ಕಳನ್ನು ಎರಡು ಗುಂಪು ಮಾಡಿ. ಮೊದಲ ಗುಂಪಿನ ಕೈಗೆ ಕಾಗದದ ನಕ್ಷೆ ಕೊಟ್ಟು, ಪರದೆ ಕಾಣದಂತೆ ಕೂರಿಸಿ. ಎರಡನೆಯ ಗುಂಪು ಕಂಪ್ಯೂಟರ್ ಮುಂದೆ, ನಕ್ಷೆಯಿಲ್ಲದೆ. ನಕ್ಷೆಯವರು ದಾರಿ ಹೇಳಬೇಕು, ಪರದೆಯವರು ತಮಗೆ ಕಾಣುವುದನ್ನು ಹೇಳಬೇಕು. ಎಡ, ಬಲ, ಆಚೆ, ಈಚೆ, ದಡ, ನಡುಗಡ್ಡೆ ಎಂಬ ಪದಗಳು ತಾವಾಗಿಯೇ ಬರುತ್ತವೆ. ದೋಣಿಯ ಹತ್ತಿರ ಬಂದಾಗ ಒಬ್ಬರು 'ಪುಟ್ಟಿ' ಎನ್ನಬಹುದು, ಇನ್ನೊಬ್ಬರು 'ತೆಪ್ಪ' ಎನ್ನಬಹುದು. ಕೊನೆಯಲ್ಲಿ 'ಹರಿಗೋಲು' ಎಂದು ಬೋರ್ಡಿನ ಮೇಲೆ ಬರೆದು, ಯಾವ ಪದ ಯಾವುದಕ್ಕೆ ಎಂದು ಮೂರನ್ನೂ ಜೊತೆಗಿಟ್ಟು ಚರ್ಚಿಸಿ. ಎರಡು ಭಾಷೆಯ ನಡುವೆ ಬೆಳೆಯುವ ಮಗುವಿಗೆ ಅದು ಆಸ್ತಿ.

ಹೀಗೆಯೇ ನಾರಾಯಣಪೇಟೆಯ ಮಗ್ಗದ ಮನೆ ಕಟ್ಟಿ ಹಾಸು, ಹೊಕ್ಕು, ಲಾಳಿ ಕಲಿಸಬಹುದು. 2025ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದ ಮುಡುಮಾಲದ ನಿಲುಗಲ್ಲುಗಳನ್ನು ನಿಲ್ಲಿಸಿ ಎಣಿಕೆ, ಎತ್ತರ, ದಿಕ್ಕು ಕಲಿಸಬಹುದು. ಕಟ್ಟುವ ಮೊದಲು ಊರಿನ ನೇಕಾರರನ್ನು, ಅಂಬಿಗರನ್ನು ಶಾಲೆಗೆ ಕರೆದು ಪದ ಕೇಳಿ.

ಎಚ್ಚರಿಕೆಗಳು

ಮೊದಲನೆಯದು, ಕಂಪನಿಗಳ ಲೋಕ ಶಾಶ್ವತವಲ್ಲ. ಗೂಗಲ್ ಎಕ್ಸ್‌ಪೆಡಿಶನ್ಸ್ 2021ರಲ್ಲಿ ನಿಂತಿತು. ಮೊಜಿಲ್ಲಾ ತನ್ನ 'ಹಬ್ಸ್' ಸೇವೆಯನ್ನು 2024ರಲ್ಲಿ ಮುಚ್ಚಿತು. ಪಾಠದ ಯೋಜನೆ ಕಾಗದದ ಮೇಲೆ ಇರಲಿ. ಲೋಕ ಬದಲಾದರೂ ಪಾಠ ಉಳಿಯಬೇಕು.

ಎರಡನೆಯದು, ಇಂಟರ್ನೆಟ್. ಮೊದಲು 'ಮೈನ್‌ಟೆಸ್ಟ್' ಎನಿಸಿದ್ದು 2024ರಿಂದ 'ಲುವಾಂಟಿ' ಎಂಬ ಹೆಸರು ಪಡೆದಿರುವ ಮುಕ್ತ ತಂತ್ರಾಂಶ ಉಚಿತ. ಒಮ್ಮೆ ಹಾಕಿಕೊಂಡರೆ ಶಾಲೆಯ ಕಂಪ್ಯೂಟರುಗಳನ್ನು ತಂತಿಯಲ್ಲಿ ಜೋಡಿಸಿ ಇಂಟರ್ನೆಟ್ ಇಲ್ಲದೆಯೂ ಆಡಬಹುದು. ಆಟದೊಳಗೆ ಕನ್ನಡ ಬರೆಯಿಸುವುದಾದರೆ 'ರಾಷ್ಟ್ರ', 'ಕೃಷ್ಣಾ' ಎಂದು ಬರೆದು, ಒತ್ತಕ್ಷರ ಒಡೆಯುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ. ಒಡೆದರೆ ಬರವಣಿಗೆ ನೋಟ್‌ಬುಕ್ಕಿನಲ್ಲೇ ಇರಲಿ.

ಮೂರನೆಯದು, ಮಕ್ಕಳ ಸುರಕ್ಷತೆ. ಸೆಕೆಂಡ್ ಲೈಫಿನಂಥ ದೊಡ್ಡವರ ಲೋಕಕ್ಕೆ ಶಾಲಾ ಮಕ್ಕಳನ್ನು ಕಳಿಸಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪಾಲಕರ ಒಪ್ಪಿಗೆ ಕೇಳುತ್ತದೆ. ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ; ಆಟದಲ್ಲಿ ನಿಜ ಹೆಸರು, ಫೋಟೋ ಬೇಡ.

ನಾಲ್ಕನೆಯದು, ಮಿತಿ. ವಾರಕ್ಕೆ ಒಂದು ತರಗತಿ ಸಾಕು. ಓದು ಬರಹಕ್ಕೆ ಇದು ಬದಲಿಯಲ್ಲ, ಖಾಲಿ ಇರುವ ಶಿಕ್ಷಕರ ಹುದ್ದೆಗಂತೂ ಅಲ್ಲವೇ ಅಲ್ಲ. ಹುದ್ದೆ ತುಂಬಿರೆಂದು ಅರ್ಜಿ ಹಾಕುವ ಕೆಲಸವನ್ನು ಈ ಆಟದ ನೆಪದಲ್ಲಿ ನಾವು ಬಿಡಬಾರದು.

ಸದಸ್ಯರಲ್ಲಿ ವಿನಂತಿ

ದೊಡ್ಡ ಸಮಾರಂಭ ಬೇಡ. ಮೂರು ಊರಿನಿಂದ ತಲಾ ಇಬ್ಬರು ಶಿಕ್ಷಕರು, ಐದು ಭಾನುವಾರ, ನಾಲ್ಕು ಹಳೆಯ ಕಂಪ್ಯೂಟರ್, ಇಷ್ಟಿದ್ದರೆ ಆರಂಭಿಸಬಹುದು. ಆಸಕ್ತ ಶಿಕ್ಷಕರು, ಕಂಪ್ಯೂಟರ್ ತಿಳಿದ ಯುವಕ ಯುವತಿಯರು, ಹಳೆಯ ಯಂತ್ರ ಕೊಡಬಲ್ಲವರು ಸಂಘಕ್ಕೆ ತಿಳಿಸಿ. ಊರಿನ ಹಳೆಯ ಪದ ಬಲ್ಲ ಹಿರಿಯರೂ ಹೆಸರು ಕೊಡಿ. ಯಂತ್ರಕ್ಕಿಂತ ನಿಮ್ಮ ಅಗತ್ಯ ಹೆಚ್ಚು. ಆರನೇ ಭಾನುವಾರ ಪ್ರಮಾಣಪತ್ರದ ಬದಲು ಪ್ರತಿಯೊಬ್ಬ ಶಿಕ್ಷಕರ ಕೈಯಲ್ಲಿ, ಮರುದಿನ ತರಗತಿಯಲ್ಲಿ ಮಾಡಬಹುದಾದ ಒಂದು ಪಾಠ ಇರಬೇಕು. ಆಗ ಆ ಟೀಚರಮ್ಮನ ಪ್ರಶ್ನೆಗೆ ಉತ್ತರ ಕೊಟ್ಟಂತಾಗುತ್ತದೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ