ಬಹುಮತವನ್ನು ಎಣಿಸುವ ಸ್ಥಳ

ಹುಬ್ಬಳ್ಳಿಯ ಹೆಸರನ್ನು ಹೇಳಿದರೆ ಹೊರಗಿನವರ ಕಣ್ಣ ಮುಂದೆ ನಿಲ್ಲುವವು ಹತ್ತಿಯ ಪೇಟೆ, ರೇಲ್ವೆ ಕಾರಖಾನೆ, ಜನನಿಬಿಡವಾದ ಓಣಿಗಳು. ಕಮರಿಪೇಟೆಯ ಕಡೆಗೆ ಬಂದು ಸಾವಜಿ ಊಟ ಮಾಡಿ ಹೋದವರು ಅದರ ಖಾರವನ್ನು ಬಹುದಿನ ನೆನೆಯುತ್ತಾರೆ. ಆದರೆ ಈ ಊರಿಗೆ ಇನ್ನೊಂದು ಬಗೆಯ ಪ್ರಸಿದ್ಧಿಯೂ ಉಂಟು. ನಮ್ಮ ದೇಶದ ಯಾವ ಕಾನೂನು ಮಹಾವಿದ್ಯಾಲಯಕ್ಕೆ ಹೋಗಿ ಕೇಳಿದರೂ ‘ಬೊಮ್ಮಾಯಿ ಪ್ರಕರಣ’ದ ಹೆಸರನ್ನು ಅರಿಯದ ವಿದ್ಯಾರ್ಥಿ ಸಿಗುವುದು ಕಷ್ಟ. ಆ ಪ್ರಕರಣಕ್ಕೆ ಹೆಸರನ್ನಿತ್ತ ಶ್ರೀ ಸೋಮಪ್ಪ ರಾಯಪ್ಪ ಬೊಮ್ಮಾಯಿಯವರು 1924ರಲ್ಲಿ ಅಂದಿನ ಧಾರವಾಡ ಜಿಲ್ಲೆಯ ಕಾರಡಗಿಯಲ್ಲಿ ಜನಿಸಿದವರು, ವೃತ್ತಿಯಿಂದ ವಕೀಲರು, ಹುಬ್ಬಳ್ಳಿ ಗ್ರಾಮೀಣ ಮತಕ್ಷೇತ್ರದಿಂದ ವಿಧಾನಸಭೆಗೆ ಆರಿಸಿ ಹೋದವರು.

ಆ ಪ್ರಕರಣದ ತಿರುಳು ವಕೀಲರಿಗೆ ಮಾತ್ರ ಸೇರಿದುದಲ್ಲ. ಕಮರಿಪೇಟೆಯ ಮತದಾರನೊಬ್ಬನು ಸಾಲಿನಲ್ಲಿ ನಿಂತು ಒಂದು ಮತವನ್ನು ಹಾಕುತ್ತಾನೆ. ಅವನಂಥ ಲಕ್ಷಾಂತರ ಜನರ ಮತದಿಂದ ಒಂದು ವಿಧಾನಸಭೆ, ಆ ಸಭೆಯಿಂದ ಒಂದು ಮಂತ್ರಿಮಂಡಲ ಆಗುತ್ತದೆ. ಐದು ವರ್ಷ ತುಂಬುವ ಮೊದಲೇ ಆ ಮಂತ್ರಿಮಂಡಲಕ್ಕೆ ಬಹುಮತವಿಲ್ಲವೆಂದು ಯಾರಾದರೂ ಹೇಳಿದರೆ, ಅದನ್ನು ಎಣಿಸಿ ನೋಡಬೇಕಾದ ಸ್ಥಳ ಯಾವುದು? ರಾಜಭವನದ ಕೋಣೆಯೋ, ದಿಲ್ಲಿಯ ಕಚೇರಿಯೋ, ಅಥವಾ ವಿಧಾನಸಭೆಯ ಅಂಗಳವೋ? ಪ್ರಶ್ನೆ ಇಷ್ಟೇ. ಆದರೆ ಇದಕ್ಕೆ ಖಚಿತವಾದ ಉತ್ತರ ದೊರೆಯಲು ನಮ್ಮ ಗಣರಾಜ್ಯಕ್ಕೆ ನಾಲ್ವತ್ತನಾಲ್ಕು ವರ್ಷಗಳು ಬೇಕಾದವು.

ಮೊದಲು ಈ ಅಧಿಕಾರದ ಮೂಲವನ್ನು ನೋಡೋಣ. ಸಂವಿಧಾನದ 356ನೆಯ ಕಲಮಿನ ಮೇರೆಗೆ, ಒಂದು ರಾಜ್ಯದ ಆಡಳಿತವು ಸಂವಿಧಾನಕ್ಕನುಸಾರವಾಗಿ ನಡೆಯಲಾರದ ಸ್ಥಿತಿ ಬಂದಿದೆಯೆಂದು ರಾಷ್ಟ್ರಪತಿಗಳಿಗೆ ಮನವರಿಕೆಯಾದರೆ ಅವರು ಘೋಷಣೆ ಹೊರಡಿಸಿ ಆಡಳಿತವನ್ನು ಕೈಗೆ ತೆಗೆದುಕೊಳ್ಳಬಹುದು. ಇದರ ಬೇರು ಬ್ರಿಟಿಷರು ಮಾಡಿದ 1935ರ ಭಾರತ ಸರಕಾರ ಕಾಯಿದೆಯ 93ನೆಯ ಕಲಮಿನಲ್ಲಿದೆ. ಪರಕೀಯರು ನಮ್ಮ ಪ್ರಾಂತ ಸರಕಾರಗಳನ್ನು ಅಂಕೆಯಲ್ಲಿಡಲು ಮಾಡಿಕೊಂಡ ಏರ್ಪಾಡನ್ನು ಸ್ವತಂತ್ರ ಭಾರತವೇಕೆ ಉಳಿಸಿಕೊಳ್ಳಬೇಕೆಂದು ಸಂವಿಧಾನ ಸಭೆಯಲ್ಲಿ 1949ರಲ್ಲಿ ತೀವ್ರವಾದ ಚರ್ಚೆ ನಡೆದಿತ್ತು. ಇದನ್ನು ಬಳಸುವ ಪ್ರಸಂಗವೇ ಬಾರದಿರಲಿ, ಇದು ಹಾಳೆಯ ಮೇಲಷ್ಟೇ ಉಳಿಯಲಿ ಎಂಬ ಆಶೆಯನ್ನು ಡಾ. ಅಂಬೇಡಕರರು ಅಂದು ವ್ಯಕ್ತಪಡಿಸಿದ್ದರು.

ಆ ಆಶೆ ನೆರವೇರಲಿಲ್ಲ. 1959ರಲ್ಲಿ ಕೇರಳದಲ್ಲಿ ಸಭೆಯ ಬಹುಮತವಿದ್ದ ಮಂತ್ರಿಮಂಡಲವನ್ನೇ ಕಿತ್ತುಹಾಕಲಾಯಿತು. 1977ರಲ್ಲಿ ಕೇಂದ್ರದಲ್ಲಿ ಅಧಿಕಾರಕ್ಕೆ ಬಂದ ಜನತಾ ಸರಕಾರವು ಒಂಬತ್ತು ರಾಜ್ಯಗಳ ಕಾಂಗ್ರೆಸ್ ಮಂತ್ರಿಮಂಡಲಗಳನ್ನು ತೆಗೆಯಿತು. 1980ರಲ್ಲಿ ಮರಳಿ ಬಂದ ಕಾಂಗ್ರೆಸ್ ಸರಕಾರವೂ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಿ ಲೆಕ್ಕ ಸರಿಮಾಡಿತು. ಇದರಲ್ಲಿ ಒಂದು ಪಕ್ಷ ತಪ್ಪಿತಸ್ಥ, ಇನ್ನೊಂದು ನಿರ್ದೋಷಿ ಎನ್ನುವಂತಿಲ್ಲ. ಯಾರ ಕೈಗೆ ಕೋಲು ಬಂದಿತೋ ಅವರು ಬೀಸಿದರು. 1994ರ ಹೊತ್ತಿಗೆ ಈ ಕಲಮನ್ನು ತೊಂಬತ್ತಕ್ಕೂ ಹೆಚ್ಚು ಸಲ ಉಪಯೋಗಿಸಲಾಗಿತ್ತು.

ಹಾಗಾದರೆ ನ್ಯಾಯಾಲಯಗಳೇನು ಮಾಡುತ್ತಿದ್ದವು? 1975ರಲ್ಲಿ ಸಂವಿಧಾನಕ್ಕೆ ಮಾಡಿದ 38ನೆಯ ತಿದ್ದುಪಡಿಯು, ರಾಷ್ಟ್ರಪತಿಗಳ ಮನವರಿಕೆಯನ್ನು ಯಾವ ನ್ಯಾಯಾಲಯದಲ್ಲಿಯೂ ಪ್ರಶ್ನಿಸಕೂಡದೆಂದು ಬಾಗಿಲಿಗೆ ಬೀಗ ಹಾಕಿತು. 1977ರಲ್ಲಿ ರಾಜಸ್ಥಾನ ಮೊದಲಾದ ರಾಜ್ಯಗಳು ಮೊರೆಹೊಕ್ಕಾಗ ಸರ್ವೋಚ್ಚ ನ್ಯಾಯಾಲಯದ ಏಳು ಮಂದಿ ನ್ಯಾಯಮೂರ್ತಿಗಳು ಆ ದಾವೆಗಳನ್ನು ತಳ್ಳಿಹಾಕಿದರು. ಆದರೂ ದುರುದ್ದೇಶದಿಂದ ಇಲ್ಲವೆ ಸಂಬಂಧವೇ ಇಲ್ಲದ ಕಾರಣಗಳಿಂದ ಹೊರಟ ಘೋಷಣೆಯ ಮಾತು ಬೇರೆ ಎಂಬ ಸಣ್ಣದೊಂದು ಕಿಂಡಿಯನ್ನು ಉಳಿಸಿದರು. 1978ರ 44ನೆಯ ತಿದ್ದುಪಡಿಯು ಆ ಬೀಗವನ್ನು ತೆಗೆಯಿತು. ಬಾಗಿಲು ತೆರೆದಿದ್ದಿತು, ಒಳಗೆ ಹೋಗಿ ಗಟ್ಟಿಯಾಗಿ ಕೇಳುವವರು ಬರಬೇಕಾಗಿತ್ತು.

ಈಗ ಬೆಂಗಳೂರಿಗೆ ಬರೋಣ. 1988ರ ಆಗಸ್ಟ್ ತಿಂಗಳಲ್ಲಿ ಶ್ರೀ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟ ಬಳಿಕ ಶ್ರೀ ಬೊಮ್ಮಾಯಿಯವರು ಮುಖ್ಯಮಂತ್ರಿಗಳಾದರು. ಮುಂದೆ ಜನತಾ ಪಕ್ಷವು ಲೋಕದಳದೊಡನೆ ಕೂಡಿ ಜನತಾ ದಳವಾಯಿತು. ಒಳಗೊಳಗೆ ಅಸಮಾಧಾನವಿದ್ದಿತು. 1989ರ ಏಪ್ರಿಲ್ 15ರಂದು 13 ಮಂದಿ ಹೊಸ ಮಂತ್ರಿಗಳನ್ನು ಸೇರಿಸಿಕೊಂಡು ಮಂತ್ರಿಮಂಡಲವನ್ನು ವಿಸ್ತರಿಸಲಾಯಿತು. ಎರಡೇ ದಿನಗಳಲ್ಲಿ ಆಳುವ ಪಕ್ಷದ ಶಾಸಕರೊಬ್ಬರು ಪಕ್ಷವನ್ನು ಬಿಟ್ಟು ರಾಜ್ಯಪಾಲ ಶ್ರೀ ಪಿ. ವೆಂಕಟಸುಬ್ಬಯ್ಯನವರ ಕೈಗೆ 19 ಪತ್ರಗಳನ್ನು ಒಪ್ಪಿಸಿದರು. ಮಂತ್ರಿಮಂಡಲಕ್ಕೆ ತಮ್ಮ ಬೆಂಬಲವಿಲ್ಲವೆಂದು ಶಾಸಕರು ರುಜು ಮಾಡಿದ ಪತ್ರಗಳೆಂದು ಅವನ್ನು ಕೊಡಲಾಗಿತ್ತು. ಏಪ್ರಿಲ್ 19ರಂದು ರಾಜ್ಯಪಾಲರು ರಾಷ್ಟ್ರಪತಿಗಳಿಗೆ ವರದಿ ಕಳುಹಿದರು.

ಮರುದಿನ ಕಥೆ ತಿರುವು ಪಡೆಯಿತು. ಆ 19 ಮಂದಿಯಲ್ಲಿ ಏಳು ಜನ, ತಮ್ಮ ರುಜುವನ್ನು ತಪ್ಪು ತಿಳಿವಳಿಕೆ ಕೊಟ್ಟು ಪಡೆಯಲಾಗಿದೆಯೆಂದೂ ತಾವು ಮಂತ್ರಿಮಂಡಲದ ಬೆಂಬಲಕ್ಕಿರುವೆವೆಂದೂ ಬರೆದು ತಿಳಿಸಿದರು. ಮುಖ್ಯಮಂತ್ರಿಗಳು ಅದೇ ದಿನ ರಾಜ್ಯಪಾಲರನ್ನು ಕಂಡು, ಏಪ್ರಿಲ್ 27ರಂದು ಸೇರಬೇಕಾಗಿದ್ದ ವಿಧಾನಸಭೆಯನ್ನು ಬೇಕಾದರೆ ಅದಕ್ಕೂ ಮೊದಲೇ ಕರೆದು ಬಹುಮತವನ್ನು ತೋರಿಸಲು ಸಿದ್ಧನಿದ್ದೇನೆಂದರು. ಆ ಮಾತಿಗೆ ಬೆಲೆ ಬರಲಿಲ್ಲ. ರಾಜ್ಯಪಾಲರು ಎರಡನೆಯ ವರದಿಯನ್ನು ಕಳುಹಿದರು. ಏಪ್ರಿಲ್ 21ರಂದು ಘೋಷಣೆ ಹೊರಟಿತು; ಮಂತ್ರಿಮಂಡಲ ಹೋಯಿತು, ವಿಧಾನಸಭೆಯೂ ವಿಸರ್ಜನೆಗೊಂಡಿತು. ಸಭೆ ಸೇರಲು ಉಳಿದಿದ್ದುದು ಆರೇ ದಿನ.

ನಮ್ಮ ಪೇಟೆಯ ವ್ಯವಹಾರವನ್ನು ಬಲ್ಲವರಿಗೆ ಇದರ ವೈಪರೀತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತಿಯ ಅಂಡಿಗೆಯ ತೂಕವು ಕೊಡುವವನ ಮತ್ತು ಕೊಳ್ಳುವವನ ಎದುರಿಗೆ ತಕ್ಕಡಿಯಲ್ಲಿ ಆಗಬೇಕು. ತಕ್ಕಡಿ ಪಕ್ಕದಲ್ಲಿಯೇ ಇರುವಾಗ, ಒಳಕೋಣೆಯಲ್ಲಿ ಚೀಟಿ ನೋಡಿ ತೂಕ ಹೇಳಿದರೆ ಯಾರು ಒಪ್ಪಿಯಾರು? ಚೀಟಿ ಬರೆದವರಲ್ಲಿಯೇ ಕೆಲವರು ಅದು ಸುಳ್ಳೆಂದ ಮೇಲಂತೂ ತಕ್ಕಡಿಗೆ ಹಾಕುವುದೊಂದೇ ದಾರಿ.

ಶ್ರೀ ಬೊಮ್ಮಾಯಿಯವರು ಏಪ್ರಿಲ್ 26ರಂದು ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ರಿಟ್ ಅರ್ಜಿಯನ್ನು ಹಾಕಿದರು. ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠವು ಅದನ್ನು ವಜಾ ಮಾಡಿತು. ಘೋಷಣೆಯನ್ನು ನ್ಯಾಯಾಲಯ ನೋಡಲೇಬಾರದೆಂದು ಆ ಪೀಠವೇನೂ ಹೇಳಲಿಲ್ಲ. ಆದರೆ ಸಭೆಯಲ್ಲಿ ಬಹುಮತವನ್ನು ಪರೀಕ್ಷಿಸುವುದು ಕಡ್ಡಾಯವಲ್ಲವೆಂದು ಭಾವಿಸಿತು. ಅಷ್ಟರಲ್ಲಿ ಕಾಲ ಯಾರಿಗೂ ಕಾಯಲಿಲ್ಲ. 1989ರ ನವೆಂಬರಿನಲ್ಲಿ ಹೊಸ ಚುನಾವಣೆ ನಡೆದು, ಕಾಂಗ್ರೆಸ್ ಪಕ್ಷ ಗೆದ್ದು, ಶ್ರೀ ವೀರೇಂದ್ರ ಪಾಟೀಲರು ಮುಖ್ಯಮಂತ್ರಿಗಳಾದರು. ಗದ್ದುಗೆಯ ದೃಷ್ಟಿಯಿಂದ ವ್ಯಾಜ್ಯ ಮುಗಿದಿತ್ತು. ತತ್ತ್ವದ ದೃಷ್ಟಿಯಿಂದ ಅದು ದಿಲ್ಲಿಗೆ ನಡೆಯಿತು. ನಾಗಾಲ್ಯಾಂಡ್, ಮೇಘಾಲಯಗಳ ಮೊಕದ್ದಮೆಗಳೂ, 1992ರ ಡಿಸೆಂಬರಿನಲ್ಲಿ ವಜಾಗೊಂಡ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳ ಮೊಕದ್ದಮೆಗಳೂ ಅದರೊಡನೆ ಕೂಡಿಕೊಂಡವು.

1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ತೀರ್ಪನ್ನಿತ್ತಿತು. ಅದರ ಸಾರವನ್ನು ಮನೆಮಾತಿನಲ್ಲಿ ಹೇಳಬಹುದು. ರಾಷ್ಟ್ರಪತಿಗಳ ಘೋಷಣೆಯೂ ವಿಚಾರಣೆಗೆ ಹೊರತಲ್ಲ. ಮಂತ್ರಿಗಳು ಅವರಿಗೆ ಏನು ಸಲಹೆ ಕೊಟ್ಟರೆಂಬುದನ್ನು ನ್ಯಾಯಾಲಯ ಕೇಳಲಾಗದು. ಯಾವ ಆಧಾರದ ಮೇಲೆ ಘೋಷಣೆ ಹೊರಟಿತೆಂಬುದನ್ನು ಕೇಳಬಹುದು. ಸಂಸತ್ತಿನ ಎರಡೂ ಸದನಗಳು ಘೋಷಣೆಯನ್ನು ಒಪ್ಪುವ ತನಕ ವಿಧಾನಸಭೆಯನ್ನು ವಿಸರ್ಜಿಸಬಾರದು, ಅಮಾನತಿನಲ್ಲಿಡಬಹುದು. ಘೋಷಣೆ ತಪ್ಪೆಂದು ಕಂಡರೆ ಹೋದ ಮಂತ್ರಿಮಂಡಲವನ್ನೂ ಸಭೆಯನ್ನೂ ಮರಳಿ ಸ್ಥಾಪಿಸುವ ಅಧಿಕಾರ ನ್ಯಾಯಾಲಯಕ್ಕುಂಟು. ಎಲ್ಲಕ್ಕಿಂತ ಮುಖ್ಯವಾಗಿ, ಬಹುಮತವನ್ನು ಎಣಿಸುವ ಸ್ಥಳ ವಿಧಾನಸಭೆಯ ಅಂಗಳವೇ ಹೊರತು ರಾಜ್ಯಪಾಲರ ಅಂತರಂಗವಲ್ಲ. ಕರ್ನಾಟಕ, ನಾಗಾಲ್ಯಾಂಡ್, ಮೇಘಾಲಯಗಳ ಘೋಷಣೆಗಳು ಸಂವಿಧಾನಬಾಹಿರವೆಂದಾಯಿತು. 1992ರ ಮೂರು ಘೋಷಣೆಗಳನ್ನು, ಮತನಿರಪೇಕ್ಷತೆಯು ಸಂವಿಧಾನದ ಮೂಲರಚನೆಗೆ ಸೇರಿದುದೆಂಬ ಕಾರಣದಿಂದ, ನ್ಯಾಯಾಲಯ ಎತ್ತಿಹಿಡಿಯಿತು.

ಈ ‘ಮೂಲರಚನೆ’ ಎಂಬ ಮಾತು ಬಂದುದರಿಂದ ಕ್ಷಣಕಾಲ ಕಾಸರಗೋಡಿನ ಕಡೆಗೆ ತಿರುಗಬೇಕು. ಅಲ್ಲಿಯ ಕನ್ನಡ ನೆಲದ ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು, ಮಠದ ಭೂಮಿಯನ್ನು ತಟ್ಟಿದ ಕೇರಳದ ಭೂಸುಧಾರಣೆಯ ಕಾಯಿದೆಯನ್ನು ಪ್ರಶ್ನಿಸಿ 1970ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿದ್ದರು. 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳಲ್ಲಿ ಏಳು ಜನರ ಬಹುಮತದಿಂದ, ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲರಚನೆಯನ್ನು ಕೆಡಿಸಲಾಗದು ಎಂಬ ಸಿದ್ಧಾಂತ ಹುಟ್ಟಿತು. ಸ್ವಾಮಿಗಳಿಗೆ ಬೇಕಾದ ಪರಿಹಾರ ಸಿಗಲಿಲ್ಲ. ದೇಶಕ್ಕೆ ಒಂದು ಸಿದ್ಧಾಂತ ಸಿಕ್ಕಿತು. ಬೊಮ್ಮಾಯಿ ಪ್ರಕರಣವು ಆ ಸಿದ್ಧಾಂತವನ್ನು ತಿದ್ದುಪಡಿಗಳ ಆಚೆಗೆ, ಸರಕಾರದ ಕಾರ್ಯಗಳಿಗೂ ಒಡ್ಡಿತು. ನ್ಯಾಯಾಲಯದ ಕೈ ಹೀಗೆ ಉದ್ದವಾದುದು ಸರಿಯೇ ಎಂಬುದರ ಬಗ್ಗೆ ಪಂಡಿತರಲ್ಲಿ ಇನ್ನೂ ವಾದ ನಡೆದಿದೆ. ಬೆಂಗಳೂರಿನ ವಿದ್ವಾಂಸರಾದ ಶ್ರೀ ಸುಧೀರ್ ಕೃಷ್ಣಸ್ವಾಮಿಯವರು 2009ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಇದು ಸಂವಿಧಾನಕ್ಕೆ ಒಪ್ಪುವ ಒಂದು ಪ್ರತ್ಯೇಕ ಬಗೆಯ ವಿಮರ್ಶಾಧಿಕಾರವೆಂದು ಸಮರ್ಥಿಸಿದ್ದಾರೆ. ಜನರು ಆರಿಸದ ನ್ಯಾಯಮೂರ್ತಿಗಳು ಜನರು ಆರಿಸಿದವರ ಮೇಲೆ ಇಷ್ಟು ಅಧಿಕಾರ ನಡೆಸುವುದು ಪ್ರಜಾಪ್ರಭುತ್ವಕ್ಕೆ ಹೊಂದೀತೇ ಎಂಬುದು ಎದುರು ಪಕ್ಷದವರ ಸಂಶಯ.

ಎರಡನೆಯ ವಾದ ತೀರ್ಪಿನ ಒಳಗಿನದೇ. ಒಂಬತ್ತು ಮಂದಿ ಒಂದೇ ಧ್ವನಿಯಿಂದ ಮಾತಾಡಲಿಲ್ಲ. ಆರು ಅಭಿಪ್ರಾಯಗಳನ್ನು ಬರೆದರು. ನ್ಯಾಯಮೂರ್ತಿಗಳಾದ ಸಾವಂತ ಮತ್ತು ಜೀವನ ರೆಡ್ಡಿಯವರು ಬಾಗಿಲನ್ನು ಅಗಲವಾಗಿ ತೆರೆದರೆ, ವರ್ಮಾ, ಅಹಮದಿಯವರಂಥವರು ರಾಜಕೀಯ ನಿರ್ಣಯಗಳನ್ನು ಅಳೆಯಲು ನ್ಯಾಯಾಲಯದ ಬಳಿ ತಕ್ಕ ಅಳತೆಗೋಲಿಲ್ಲವೆಂದು ಎಚ್ಚರಿಸಿದರು. ಈ ಎಚ್ಚರಿಕೆಯನ್ನು ಹಗುರಾಗಿ ಕಾಣಬಾರದು. ಅಂಗಳದಲ್ಲಿ ಎಣಿಕೆ ಮಾಡಿದ ಮಾತ್ರಕ್ಕೆ ಎಣಿಸಿದ ತಲೆಗಳ ಮನಸ್ಸು ಶುದ್ಧವಾಗಿದೆಯೆಂದು ತಕ್ಕಡಿ ಹೇಳಲಾರದು. 2019ರಲ್ಲಿ ನಮ್ಮ ರಾಜ್ಯದಲ್ಲಿ ಶಾಸಕರು ಗುಂಪಾಗಿ ರಾಜೀನಾಮೆ ಕೊಟ್ಟು ಸಭೆಗೆ ಬಾರದೆ ಉಳಿದಾಗ, ಜುಲೈ 23ರಂದು 99ಕ್ಕೆ 105 ಮತಗಳಿಂದ ಒಂದು ಸರಕಾರ ಬಿದ್ದಿತು. ಎಣಿಕೆ ನಿಯಮದಂತೆಯೇ ನಡೆದಿತ್ತು. ಪಕ್ಷಾಂತರದ ರೋಗಕ್ಕೆ ಎಣಿಕೆಯೊಂದೇ ಮದ್ದಲ್ಲವೆಂಬುದನ್ನು ಆ ಪ್ರಸಂಗ ತೋರಿಸಿತು.

ಮೂರನೆಯ ವಾದವೇ ನಮಗೆಲ್ಲ ಹತ್ತಿರದ್ದು. ಅದು ಕಾಲದ ಪ್ರಶ್ನೆ. ಕರ್ನಾಟಕದ ಘೋಷಣೆ ತಪ್ಪೆಂದು ಹೇಳಲು ಸುಮಾರು ಐದು ವರ್ಷ ಹಿಡಿಯಿತು. ಅಷ್ಟರಲ್ಲಿ ಹೊಸ ಚುನಾವಣೆಯಾಗಿತ್ತಾದ್ದರಿಂದ ಏನನ್ನೂ ಮರಳಿ ಕೊಡುವಂತಿರಲಿಲ್ಲ. 2005ರಲ್ಲಿ ಬಿಹಾರದ ವಿಧಾನಸಭೆಯ ವಿಸರ್ಜನೆಯೂ ಅಸಿಂಧುವೆಂದಾಯಿತು, ಆದರೆ ಸಭೆ ಮರಳಲಿಲ್ಲ. 2023ರ ಮೇ 11ರಂದು ಮಹಾರಾಷ್ಟ್ರದ ವಿಷಯದಲ್ಲಿ, ಬಹುಮತ ಪರೀಕ್ಷೆಗೆ ಕರೆದ ರಾಜ್ಯಪಾಲರ ಕ್ರಮಕ್ಕೆ ಆಧಾರವಿರಲಿಲ್ಲವೆಂದ ಸರ್ವೋಚ್ಚ ನ್ಯಾಯಾಲಯವು, ಮುಖ್ಯಮಂತ್ರಿಗಳು ಪರೀಕ್ಷೆಯನ್ನು ಎದುರಿಸದೆ ರಾಜೀನಾಮೆ ಕೊಟ್ಟುದರಿಂದ ಅವರ ಸರಕಾರವನ್ನು ಮರಳಿ ತರಲಾಗದೆಂದಿತು.

ಇದಕ್ಕೆ ವಿರುದ್ಧವಾದ ಉದಾಹರಣೆಗಳೂ ಇವೆ. 2016ರಲ್ಲಿ ಉತ್ತರಾಖಂಡದ ಉಚ್ಚ ನ್ಯಾಯಾಲಯವು ರಾಷ್ಟ್ರಪತಿ ಆಳಿಕೆಯನ್ನು ಒಂದು ತಿಂಗಳೊಳಗೆ ರದ್ದುಪಡಿಸಿತು. ಆ ದಿನವೂ ಏಪ್ರಿಲ್ 21 ಆಗಿದ್ದುದು ಕಾಕತಾಳೀಯ. ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ತಡೆದರೂ ಮೇ 10ರಂದು ಸಭೆಯಲ್ಲಿಯೇ ಎಣಿಕೆ ಮಾಡಿಸಿತು. ಅದೇ ವರ್ಷದ ಜುಲೈ 13ರಂದು ಅರುಣಾಚಲ ಪ್ರದೇಶದಲ್ಲಿ ಹಿಂದಿನ ಸ್ಥಿತಿಯನ್ನೇ ಮರಳಿ ಸ್ಥಾಪಿಸಿತು. 2018ರ ಮೇ ತಿಂಗಳಲ್ಲಿ ನಮ್ಮ ರಾಜ್ಯದ ಪ್ರಸಂಗ ಎಲ್ಲರಿಗೂ ನೆನಪಿದ್ದೀತು. ರಾಜ್ಯಪಾಲರು ಬಹುಮತ ತೋರಿಸಲು 15 ದಿನ ಕೊಟ್ಟಿದ್ದರು. ನ್ಯಾಯಾಲಯವು ರಾತ್ರಿಯಲ್ಲಿಯೇ ಕುಳಿತು ವಾದ ಕೇಳಿ, ಮೇ 19ರಂದೇ ಸಭೆಯಲ್ಲಿ ಪರೀಕ್ಷೆಯಾಗಬೇಕೆಂದಿತು. ಎಣಿಕೆಗೆ ಮೊದಲೇ ಮುಖ್ಯಮಂತ್ರಿಗಳು ರಾಜೀನಾಮೆ ಕೊಟ್ಟರು. 1989ರಲ್ಲಿ ಆರು ದಿನ ಕಾಯಲೊಲ್ಲದ ವ್ಯವಸ್ಥೆಯು 2018ರಲ್ಲಿ ಹದಿನೈದು ದಿನಗಳನ್ನು ಎರಡಕ್ಕೆ ಇಳಿಸುವಂತಾಯಿತು.

ಶ್ರೀ ಬೊಮ್ಮಾಯಿಯವರು ಮುಂದೆ 1996ರಿಂದ 1998ರ ವರೆಗೆ ಕೇಂದ್ರದಲ್ಲಿ ಮಾನವ ಸಂಪನ್ಮೂಲ ಅಭಿವೃದ್ಧಿಯ ಮಂತ್ರಿಗಳಾಗಿದ್ದು, 2007ರ ಅಕ್ಟೋಬರ್ 10ರಂದು ತೀರಿಕೊಂಡರು. ಅವರು ಅರ್ಜಿ ಹಾಕಿದಾಗ ಈ ಭಾಗದವರು ಉಚ್ಚ ನ್ಯಾಯಾಲಯಕ್ಕೆ ಬೆಂಗಳೂರಿಗೇ ಹೋಗಬೇಕಾಗಿತ್ತು. 2008ರಲ್ಲಿ ಧಾರವಾಡಕ್ಕೆ ಸಂಚಾರಿ ಪೀಠ ಬಂದಿತು. 2013ರಲ್ಲಿ ಅದು ಕಾಯಂ ಆಯಿತು. ದೂರ ಕಡಿಮೆಯಾದುದು ಸಂತೋಷದ ವಿಷಯ. ಕಾಲವೂ ಹಾಗೆಯೇ ಕಡಿಮೆಯಾಗಬೇಕು. ವ್ಯಾಜ್ಯದಲ್ಲಿ ಗೆದ್ದವನಿಗೆ ತೀರ್ಪಿನ ಹಾಳೆಯಷ್ಟೇ ಉಳಿದು ಬದುಕು ಕಳೆದುಹೋದರೆ, ಅವನಿಗೆ ಸಿಕ್ಕಿದ್ದು ಅರ್ಧ ನ್ಯಾಯ.

ಆದರೂ ಆ ಹಾಳೆ ವ್ಯರ್ಥವಾಗಲಿಲ್ಲ. ಗದ್ದುಗೆ ಕಳೆದುಕೊಂಡ ಮೇಲೂ ಬಿಡದೆ ಕೇಳಿದ ಒಂದು ಪ್ರಶ್ನೆಯಿಂದ, ಮುಂದಿನವರಿಗೆ ಒಂದು ತಕ್ಕಡಿ ದೊರೆಯಿತು. ಅದನ್ನು ಹೊತ್ತಿಗೆ ಸರಿಯಾಗಿ ಹೊರತೆಗೆಯುವ ಹೊಣೆ ನ್ಯಾಯಾಲಯದ್ದು. ಅದರಲ್ಲಿ ತೂಗುವ ಸರಕು ಸಾಚಾ ಇರುವಂತೆ ನೋಡಿಕೊಳ್ಳುವ ಹೊಣೆ ಮಾತ್ರ ಮತ ಹಾಕುವ ನಮ್ಮದೇ.