ಮಣಿ ಪೋಣಿಸಿದವರ ಕಥೆ

ಮೊನ್ನೆ ಊರಿಗೆ ಹೋದಾಗ ಅಮ್ಮ ಮೊರದಲ್ಲಿ ಕರಿಮಣಿ ಹರವಿಕೊಂಡು ಕೂತಿದ್ದಳು. ಪಕ್ಕದ ಮನೆ ಅತ್ತೆಯ ಸರದ ದಾರ ಸವೆದಿತ್ತಂತೆ. 'ಹರೀತು' ಅಂತ ಬಾಯಲ್ಲಿ ಅನ್ನಬಾರದು, ಅದಕ್ಕೇ ಸವೆದಿತ್ತು! ನಾನೂ ಪೋಣಿಸ್ತೀನಿ ಅಂತ ಕೂತವನು ಹತ್ತು ನಿಮಿಷಕ್ಕೇ ಎದ್ದುಬಿಟ್ಟೆ. ದಿನವಿಡೀ ಕೀಬೋರ್ಡ್ ಕುಟ್ಟೋ ಬೆರಳಿಗೆ ಆ ಸಾಸಿವೆ ಕಾಳಿನಂಥ ಮಣಿ ಸಿಗೋದೇ ಇಲ್ಲ ಮಾರಾಯ್ರೆ...

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಈ ಪುಟಾಣಿ ಮಣಿಗಳ ಚರಿತ್ರೆ ಹುಡುಕ್ತಾ ಕೂತೆ. ಆಗ ಸಿಕ್ಕಿದವರು ಇಟಲಿಯ ವೆನಿಸ್ ನಗರದ 'ಇಂಪಿರಾರೆಸ್ಸೆ'ಗಳು. ಅಲ್ಲಿಯ ಆಡುಮಾತಲ್ಲಿ ಹಾಗಂದ್ರೆ ಮಣಿ ಪೋಣಿಸೋ ಹೆಂಗಸರು.

ವೆನಿಸ್ ಗಾಜಿಗೆ ಹೆಸರುವಾಸಿ. ಬೆಂಕಿಯ ಭಯದಿಂದ 1291ರಲ್ಲಿ ಗಾಜಿನ ಕುಲುಮೆಗಳನ್ನು ಪಕ್ಕದ ಮುರಾನೋ ದ್ವೀಪಕ್ಕೆ ಸಾಗಹಾಕಿದರು. ಸಣ್ಣ ಮಣಿ ಮಾಡ್ತಿದ್ದ ರೀತಿ ಕೇಳಿ. ಕಾದ ಗಾಜಿನ ಮುದ್ದೆಯೊಳಗೆ ಒಂದು ಗಾಳಿಗುಳ್ಳೆ ಮಾಡಿ, ಎರಡೂ ತುದಿಗೆ ಕಬ್ಬಿಣದ ಸಲಾಕೆ ಅಂಟಿಸಿ, ಇಬ್ಬರು ಎದುರುಬದುರು ದಿಕ್ಕಿಗೆ ಓಡೋದು! ಗಾಜು ಎಳೆದುಕೊಂಡು ಉದ್ದನೆಯ ತೆಳು ಕೊಳವೆ ಆಗುತ್ತೆ. ಒಳಗಿನ ಗುಳ್ಳೆಯೇ ಉದ್ದಕ್ಕೂ ತೂತು. ಅದನ್ನು ಚೂರುಚೂರು ಕತ್ತರಿಸಿ, ತೂತು ಮುಚ್ಚದಿರಲಿ ಅಂತ ಸುಣ್ಣ, ಇದ್ದಿಲಿನ ಪುಡಿ ತುಂಬಿ, ಮತ್ತೆ ಬಿಸಿ ಮಾಡ್ತಾ ಹೊರಳಿಸಿದರೆ ಅಂಚು ಕರಗಿ ಮಣಿ ಗುಂಡಗಾಗುತ್ತೆ.

ಇಷ್ಟು ಕೆಲಸ ಕುಲುಮೆಯದ್ದು. ಮಾಡುವವರಿಗೆ ಕಸುಬಿನ ಸಂಘ ಇತ್ತು, ಕಟ್ಟುಪಾಡು ಇತ್ತು. ಆದರೆ ಬಿಡಿ ಮಣೀನ ಹಡಗಿಗೆ ತುಂಬೋದು, ಎಣಿಸೋದು ಹೇಗೆ? ದಾರಕ್ಕೆ ಪೋಣಿಸಿ ಕಂತೆ ಕಟ್ಟಲೇಬೇಕು. ಆ ಕೆಲಸ ಬಂದಿದ್ದು ಬಡವರ ಕೇರಿಗಳ ಹೆಂಗಸರ ಪಾಲಿಗೆ. ಇವರಿಗೆ ಅಂಥ ಸಂಘ ಇರಲಿಲ್ಲ.

ಕ್ಯಾಸ್ಟೆಲ್ಲೋ, ಕನ್ನರೇಜೋ ಕೇರಿಗಳಲ್ಲಿ ಅಜ್ಜಿ, ಮಗಳು, ಮೊಮ್ಮಗಳು ಎಲ್ಲ ಮನೆ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂರ್ತಿದ್ದರು. ತೊಡೆಯ ಮೇಲೆ 'ಸೆಸ್ಸೊಲಾ' ಅನ್ನೋ ಮರದ ಮರಿಗೆ, ಅದರ ತುಂಬ ಮಣಿ. ಕೈಯಲ್ಲಿ ದಾರ ಕಟ್ಟಿದ ಉದ್ದುದ್ದ ಸೂಜಿ. ಒಂದಲ್ಲ, 40ಕ್ಕೂ ಹೆಚ್ಚು, ಬೀಸಣಿಗೆ ಹಾಗೆ ಹರಡಿ ಹಿಡಿದು ಮಣಿರಾಶಿಯಲ್ಲಿ ಮತ್ತೆ ಮತ್ತೆ ಅದ್ದಿದರೆ ಮಣಿಗಳು ಸೂಜಿಗೆ ಏರ್ತಾ ಹೋಗ್ತವೆ. ನಾನು ಹತ್ತು ನಿಮಿಷಕ್ಕೆ ಎದ್ದವನು, ನೆನಪಿರಲಿ!

ಅಮೆರಿಕದ ಚಿತ್ರಕಾರ ಜಾನ್ ಸಿಂಗರ್ ಸಾರ್ಜೆಂಟ್ 1880ರ ಆಸುಪಾಸಲ್ಲಿ ಇವರನ್ನು ಚಿತ್ರಿಸಿದ. ಚಿತ್ರ ಚೆನ್ನಾಗಿದೆ. ಆದರೆ ಕೂಲಿ ಚೆನ್ನಾಗಿರಲಿಲ್ಲ. ಮಣಿ ಹಂಚಿ, ಪೋಣಿಸಿದ್ದನ್ನು ವಾಪಸ್ ತಗೊಂಡು, ಲೆಕ್ಕ ಹಾಕಿ ಕೂಲಿ ಕೊಡೋಕೆ 'ಮಿಸ್ತ್ರಾ' ಅನ್ನೋ ಮಧ್ಯವರ್ತಿ ಹೆಂಗಸು ಇರ್ತಿದ್ದಳು. ಅವಳ ಪಾಲು ಮುರಿದು ಉಳಿದದ್ದು ಇವರಿಗೆ. ಮನೆ ಕೆಲಸದ ನಡುವೆ ಮಾಡೋದಲ್ವಾ, ಎಷ್ಟು ಕೊಟ್ಟರೂ ನಡೆಯುತ್ತೆ ಅನ್ನೋ ಧೋರಣೆ. 1904ರಲ್ಲಿ ಈ ಹೆಂಗಸರು ಮುಷ್ಕರ ಹೂಡಿದರು. ಒಬ್ಬೊಬ್ಬರೇ ತಮ್ಮ ತಮ್ಮ ಬಾಗಿಲಲ್ಲಿ ಕೂತು ದುಡಿಯೋರು ಒಟ್ಟಾಗಿ ಕೆಲಸ ನಿಲ್ಲಿಸೋದು ಸಣ್ಣ ಮಾತಲ್ಲ.

ಇದನ್ನು ಓದಿದಾಗ ನನಗೊಂದು ನೆನಪಾಯ್ತು. ನಾನು ಹೈಸ್ಕೂಲಲ್ಲಿದ್ದಾಗ ಅಮ್ಮ ಪೇಟೆಯ ಒಂದು ಅಂಗಡಿಯಿಂದ ಮಣಿ ತಂದು ಸರ ಪೋಣಿಸಿ ಕೊಡ್ತಿದ್ದಳು. ಸರಕ್ಕೆ ಇಷ್ಟು ಅಂತ ಚಿಲ್ಲರೆ ಕಾಸು. ಮಣಿ ಕಮ್ಮಿ ಬಂತು ಅಂತ ಅದರಲ್ಲೂ ಮುರ್ಕೊಳ್ತಿದ್ರು. ರಾತ್ರಿ ನಾನು ಓದ್ತಿದ್ದ ದೀಪದಲ್ಲೇ ಅವಳ ಕೆಲಸ. ಸಿಇಟಿ ಅರ್ಜಿಗೆ ಕಟ್ಟಿದ ದುಡ್ಡು ಅದರದ್ದೇ. ಆಮೇಲೆ ಕಾಲೇಜಿನ ಅರ್ಜಿಯಲ್ಲಿ 'ತಾಯಿಯ ಉದ್ಯೋಗ' ಅನ್ನೋ ಕಡೆ ನಾನು ಬರೆದಿದ್ದು 'ಗೃಹಿಣಿ'. ಒಂದು ಕ್ಷಣವೂ ಯೋಚಿಸಲಿಲ್ಲ.

ವೆನಿಸ್ಸಿಗಿಂತ ಎಷ್ಟೋ ಮುಂಚೆ, ಸುಮಾರು 2000 ವರ್ಷದ ಹಿಂದೆಯೇ ಪುದುಚೇರಿ ಹತ್ತಿರದ ಅರಿಕಮೇಡಿನಲ್ಲಿ ಗಾಜಿನ ಕೊಳವೆ ಎಳೆದು ಮಣಿ ಮಾಡ್ತಿದ್ದರು. 1945ರಲ್ಲಿ ಅಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವೀಲರ್, 1947ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲೂ ಅಗೆದರು. ಮಣ್ಣಿನಲ್ಲಿ ಗಾಜು ಉಳಿಯುತ್ತೆ, ದಾರ ಕೊಳೆತು ಹೋಗುತ್ತೆ. ಹಾಗಾಗಿ ಮಣಿ ಮಾಡಿದ ಊರು ಗೊತ್ತಾಗುತ್ತೆ, ಪೋಣಿಸಿದ ಕೈ ಗೊತ್ತಾಗಲ್ಲ.

ಮುರಾನೋದ ದೊಡ್ಡ ಮಣಿ ಕಾರ್ಖಾನೆ 1990ರ ದಶಕದ ಆರಂಭದಲ್ಲಿ ಮುಚ್ಚಿತು. ಗಾಜಿನ ಮಣಿಯ ಕಲೆಯನ್ನು 2020ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಒಳ್ಳೆಯದೇ. ಆದರೆ ಆ ಬಾಗಿಲುಗಳಲ್ಲಿ ಕೂತಿದ್ದವರಿಗೆ ಬೇಕಿದ್ದದ್ದು ಸರಿಯಾದ ಕೂಲಿ.

ಫೋನಲ್ಲಿ ಅಮ್ಮನಿಗೆ ಈ ಕಥೆಯೆಲ್ಲ ಹೇಳಿದೆ. ಮುಷ್ಕರದ ವಿಷಯಕ್ಕೆ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಲವತ್ತು ಸೂಜೀನಾ? ಹೆಂಗೆ ಹಿಡೀತಿದ್ರೋ?" ಅಂದಳು.

ನಿಮ್ಮ ಮನೆಯಲ್ಲೂ ಅರ್ಜಿಯ ಆ ಖಾಲಿ ಜಾಗಕ್ಕೆ ಏನು ಬರೆದಿದ್ರಿ, ಒಮ್ಮೆ ನೆನಪಿಸಿಕೊಳ್ಳಿ.