ಮೂಲೆ ಹರಿದ ಕಾರ್ಡು ಮತ್ತು ಹಳದಿ ಮುಖ

ಕೆಲವು ವರ್ಷಗಳ ಹಿಂದೆ ಕುಂಸಿಯ ನಮ್ಮ ಪರಿಚಿತರ ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡರು. ಸುದ್ದಿ ಮೊಬೈಲಿನ ಮೂಲಕ ಬಂಧುಬಳಗಕ್ಕೆಲ್ಲ ಮುಟ್ಟಿತು. ಭದ್ರಾವತಿಯಲ್ಲಿದ್ದ ವಯಸ್ಸಾದ ಸಂಬಂಧಿಕರೊಬ್ಬರು ಸಾವಿನ ಸುದ್ದಿ ಕೇಳಿದಾಗ ಹೇಳುವ ಮಾತನ್ನು ಬರೆದು, ಅದರ ಮುಂದೆ ಮೂರು ಹಳದಿ ಮುಖಗಳನ್ನು ಇಟ್ಟು ಕಳಿಸಿದರು. ಮೂರು ಮುಖಗಳ ಕಣ್ಣಲ್ಲೂ ನೀರಿತ್ತು. ಅವರು ಕಂಡದ್ದು ಆ ಕಣ್ಣೀರನ್ನು ಮಾತ್ರ. ಆದರೆ ಅದು ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂದ ಮುಖ. ಸಾವಿನ ಮನೆಯ ಹುಡುಗರು ಅದನ್ನು ಹಾಗೆಯೇ ಓದಿದರು. ವಾರಗಟ್ಟಲೆ ಆ ಎರಡು ಮನೆಗಳ ನಡುವೆ ಮಾತು ನಿಂತುಹೋಯಿತು.

ಬರವಣಿಗೆಯಲ್ಲಿ ಈ ಮುಖಗಳಿಗೆ ಜಾಗವಿದೆಯೇ? ಭಾಷೆ ಬಲ್ಲವರು ಇವನ್ನು ಕಂಡರೆ ಮೂಗು ಮುರಿಯುತ್ತಾರೆ. ಹೊಸ ತಲೆಮಾರು ಇವಿಲ್ಲದ ಪತ್ರವನ್ನು ಸಿಟ್ಟಿನ ಪತ್ರವೆಂದೇ ತಿಳಿಯುತ್ತದೆ. ಇಬ್ಬರೂ ಇದನ್ನು ನಿನ್ನೆ ಮೊನ್ನೆಯ ಸಮಸ್ಯೆ ಎಂದುಕೊಂಡಿದ್ದಾರೆ. ಚರಿತ್ರೆಯನ್ನು ನೋಡಿದರೆ ಪ್ರಶ್ನೆ ಬಹಳ ಹಳೆಯದು.

ಈ ಮುಖಗಳು ಹುಟ್ಟಿದ್ದೇ ಒಂದು ತಪ್ಪು ತಿಳಿವಳಿಕೆಯಿಂದ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರಿನಲ್ಲಿ ಯಾರೋ ತಮಾಷೆಗೆ ಬರೆದದ್ದನ್ನು ಕೆಲವರು ನಿಜವಾದ ಅಪಾಯದ ಎಚ್ಚರಿಕೆಯೆಂದು ನಂಬಿಬಿಟ್ಟರು. ಆಗ ಸ್ಕಾಟ್ ಫಾಲ್‌ಮನ್ ಎಂಬ ಪ್ರಾಧ್ಯಾಪಕರು 1982ರ ಸೆಪ್ಟೆಂಬರ್ 19ರಂದು ಒಂದು ಸಲಹೆ ಕೊಟ್ಟರು. ಎರಡು ಚುಕ್ಕಿ, ಒಂದು ಅಡ್ಡಗೆರೆ, ಒಂದು ಆವರಣ ಚಿಹ್ನೆ ಇಟ್ಟರೆ ಅಡ್ಡ ಮಲಗಿದ ನಗುಮುಖವಾಗುತ್ತದೆ; ತಮಾಷೆಗೆ ಈ ಗುರುತು ಇರಲಿ ಎಂದರು. 1999ರಲ್ಲಿ ಜಪಾನಿನ ಶಿಗೆತಾಕ ಕುರಿತ ಮೊಬೈಲಿಗಾಗಿ 176 ಪುಟ್ಟ ಚಿತ್ರಗಳನ್ನು ರೂಪಿಸಿದರು. 2010ರಲ್ಲಿ ಯೂನಿಕೋಡ್ ಇಂಥ ಚಿತ್ರಗಳನ್ನು ಅಕ್ಷರಗಳ ಸಾಲಿಗೇ ಸೇರಿಸಿತು. 2015ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ವರ್ಷದ ಪದವೆಂದು ಆರಿಸಿದ್ದು ಯಾವುದೇ ಪದವನ್ನಲ್ಲ. ಕುಂಸಿಯ ಮನೆಯನ್ನು ನೋಯಿಸಿದ ಅದೇ ಮುಖವನ್ನು!

ಆದರೆ ಬರಹದ ಪಕ್ಕದಲ್ಲಿ ಚಿತ್ರ ಇಡುವುದನ್ನು ನಮ್ಮ ನಾಡು ಅಮೆರಿಕದಿಂದ ಕಲಿಯಬೇಕಾಗಿರಲಿಲ್ಲ. ಶಿವಮೊಗ್ಗ ಜಿಲ್ಲೆ ಶಾಸನಗಳ ಕಣಜ. ಬಿ.ಎಲ್. ರೈಸ್ ಅವರು 1902 ಮತ್ತು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಎರಡು ದೊಡ್ಡ ಸಂಪುಟಗಳು ಈ ಒಂದು ಜಿಲ್ಲೆಗೇ ಮೀಸಲು. ಇಲ್ಲಿನ ದಾನಶಾಸನಗಳ ನೆತ್ತಿಯ ಮೇಲೆ ಸೂರ್ಯ ಚಂದ್ರರನ್ನು ಕೆತ್ತಿರುವುದು ಸಾಮಾನ್ಯ. ಸೂರ್ಯಚಂದ್ರರಿರುವ ತನಕ ಈ ದಾನ ನಡೆಯಲಿ ಎಂಬುದು ಅದರ ಅರ್ಥ. ಮಾಸ್ತಿಗಲ್ಲುಗಳಲ್ಲಿ ಬಳೆ ತೊಟ್ಟು ಎತ್ತಿದ ಕೈ ಕಾಣುತ್ತದೆ. ಅಕ್ಷರ ಬಾರದ ರೈತನಿಗೂ ಇವು ಅರ್ಥವಾಗುತ್ತಿದ್ದವು. ಆ ಕಾಲದ ಲಿಪಿ ಇಂದು ನಮ್ಮಲ್ಲಿ ಬಹುಪಾಲು ಜನರಿಗೆ ಓದಲು ಬಾರದು, ಸೂರ್ಯ ಚಂದ್ರರು ಮಾತ್ರ ತಿಳಿಯುತ್ತಾರೆ. ಹಾಗೆಂದು ಕೆತ್ತಿದವನು ಚಿತ್ರವನ್ನಷ್ಟೇ ನಂಬಿ ಕೂರಲಿಲ್ಲ. ಯಾರು, ಯಾರಿಗೆ, ಎಷ್ಟು ಭೂಮಿ ಕೊಟ್ಟರು ಎಂಬುದನ್ನು ಅಕ್ಷರದಲ್ಲೇ ಬರೆದ.

ಕಲ್ಲಿನಿಂದ ಕಾಗದಕ್ಕೆ ಬಂದರೂ ಈ ರೂಢಿ ನಿಲ್ಲಲಿಲ್ಲ. ನಮ್ಮ ಹಿರಿಯರ ಕಾಲದಲ್ಲಿ ಮದುವೆಯ ಕಾಗದದ ಮೂಲೆಗೆ ಅರಿಶಿನ ಹಚ್ಚುತ್ತಿದ್ದರು. ಸಾವಿನ ಸುದ್ದಿಯ ಕಾರ್ಡಿನ ಮೂಲೆಯನ್ನು ಹರಿದು ಕಳಿಸುತ್ತಿದ್ದರು. ಓದಲು ಬಾರದ ತಾಯಿ ಅಂಚೆಯವನ ಕೈಯಲ್ಲಿ ಹರಿದ ಮೂಲೆಯನ್ನು ಕಂಡೇ ಕುಸಿದು ಕೂರುತ್ತಿದ್ದಳು. ಹಿಂದೂಗಳ ಕಾಗದದ ತಲೆಯ ಮೇಲೆ ‘ಶ್ರೀ’ ಇರುತ್ತಿತ್ತು. ಮುಸ್ಲಿಮರಲ್ಲಿ ಹಲವರು ‘786’ ಎಂದು ಬರೆಯುತ್ತಿದ್ದರು. ಅದು ಬಿಸ್ಮಿಲ್ಲಾದ ಅರಬಿ ಅಕ್ಷರಗಳ ಸಂಖ್ಯಾಬೆಲೆಯನ್ನು ಕೂಡಿಸಿದಾಗ ಬರುವ ಮೊತ್ತ. ಅದು ಸರಿಯೇ ತಪ್ಪೇ ಎಂಬ ಚರ್ಚೆ ವಿದ್ವಾಂಸರಲ್ಲಿದೆ. ಒಂದು ಗುರುತು ಒಂದು ಇಡೀ ವಾಕ್ಯದ ಕೆಲಸ ಮಾಡಿತೆಂಬುದು ಇಲ್ಲಿ ನಮಗೆ ಮುಖ್ಯ.

ಸರ್ಕಾರವೂ ಇದನ್ನೇ ಮಾಡಿತು. ತಂತಿ ಇಲಾಖೆಯಲ್ಲಿ ಶುಭಾಶಯದ ವಾಕ್ಯಗಳಿಗೆ ನಂಬರುಗಳಿದ್ದವು. 2 ಎಂದರೆ ಈದ್ ಮುಬಾರಕ್, 8 ಎಂದರೆ ವಧೂವರರಿಗೆ ಹಾರೈಕೆ. ಕಳಿಸುವವನು ನಂಬರು ಹೇಳಿದರೆ ಸಾಕು. ಅತ್ತ ಕಡೆಯ ಕಚೇರಿಯಲ್ಲಿ ಅದು ಪೂರ್ತಿ ವಾಕ್ಯವಾಗಿ ಕಾಗದದ ಮೇಲೆ ಇಳಿಯುತ್ತಿತ್ತು. 2013ರ ಜುಲೈನಲ್ಲಿ ತಂತಿ ಸೇವೆಯೇ ನಿಂತುಹೋಯಿತು. ಇಂದು ಹಬ್ಬದ ದಿನ ಒಂದು ಹೂಗುಚ್ಛದ ಚಿತ್ರ ಒತ್ತಿ ಕಳಿಸುವವರು ಆ 2ನೆಯ ನಂಬರಿನ ವಾರಸುದಾರರೇ ಅಲ್ಲವೇ?

ಇನ್ನು ಕನ್ನಡ ಬರವಣಿಗೆಯ ಒಳಗಿನ ಕತೆ. ನಮ್ಮ ಓಲೆಗರಿಗಳಲ್ಲಿ ಪದಗಳ ನಡುವೆ ಬಿಡುವೂ ಇರಲಿಲ್ಲ, ಇಂದಿನ ಚಿಹ್ನೆಗಳೂ ಇರಲಿಲ್ಲ. ಪ್ರಶ್ನಾರ್ಥಕ, ಆಶ್ಚರ್ಯಸೂಚಕ ಮುಂತಾದವು ಯುರೋಪಿನಿಂದ ಅಚ್ಚಿನೊಂದಿಗೆ ಬಂದವು. 1841ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಮುದ್ರಣಾಲಯ ತೆರೆಯಿತು. 1843ರ ಜುಲೈ 1ರಂದು ಮೊಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’ ಹೊರಬಂತು. ಆ ಚಿಹ್ನೆಗಳನ್ನು ಇಂದು ಪರದೇಶಿ ಎಂದು ಯಾರೂ ದೂರುವುದಿಲ್ಲ.

ಹಾಗಾದರೆ ಅದಕ್ಕೂ ಮೊದಲು ಕನ್ನಡಿಗರು ಬರಹದಲ್ಲಿ ಅಳಲಿಲ್ಲವೇ, ನಗಲಿಲ್ಲವೇ? ‘ಬಂದ’ ಎಂಬ ಒಂದು ಪದವನ್ನೇ ನೋಡಿ. ಬಂದನೇ ಎಂದರೆ ಅನುಮಾನ, ಬಂದನಲ್ಲ ಎಂದರೆ ಸಮಾಧಾನ ಅಥವಾ ಬೇಸರ, ಬಂದನಂತೆ ಎಂದರೆ ನಾನು ಹೊಣೆಯಲ್ಲ ಎಂಬ ಭಾವ. ಮುಂದೆ ಒಂದು ‘ಅಯ್ಯೋ’ ಸೇರಿದರೆ ಕತೆಯೇ ಬೇರೆ. ಮುಖ ತೋರಿಸಬೇಕಾದ ಭಾವವನ್ನು ಇಲ್ಲಿ ಪ್ರತ್ಯಯ ತೋರಿಸುತ್ತದೆ. 13ನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಅವ್ಯಯಗಳಿಗೇ ಒಂದು ಪ್ರಕರಣ ಮೀಸಲಿಟ್ಟ. ಇಷ್ಟು ಸಲಕರಣೆ ಇರುವ ಭಾಷೆ ಮುಖವೊಂದನ್ನು ಸಾಲ ತರುವ ಮುನ್ನ ತನ್ನ ಪೆಟ್ಟಿಗೆಯನ್ನು ತೆರೆದು ನೋಡುವುದು ಒಳ್ಳೆಯದು.

ಬರಹಕ್ಕೆ ಹೊಸ ಗುರುತು ಸೇರಿಸಬಹುದೇ ಎಂಬ ಪ್ರಶ್ನೆಯನ್ನು ಅರಬಿ ಲಿಪಿ ಬಹಳ ಹಿಂದೆಯೇ ಎದುರಿಸಿತ್ತು. ಕುರ್‌ಆನಿನ ಆರಂಭದ ಪ್ರತಿಗಳಲ್ಲಿ ಇಂದಿನ ಜಬರ್, ಜೇರ್, ಪೇಶ್‌ಗಳಿರಲಿಲ್ಲ. ಬಾಯಿಂದ ಬಾಯಿಗೆ ಕಲಿತವರಿಗೆ ಅವು ಬೇಕಾಗಿಯೂ ಇರಲಿಲ್ಲ. ಅರಬಿ ಮನೆಮಾತಲ್ಲದ ಜನ ಓದತೊಡಗಿದಾಗ ತಪ್ಪುಗಳಾದವು. 7ನೆಯ ಶತಮಾನದಲ್ಲಿ ಬಸ್ರಾದ ಅಬುಲ್ ಅಸ್ವದ್ ಅದ್ದುಅಲಿ ಬಣ್ಣದ ಚುಕ್ಕಿಗಳನ್ನು ಬಳಕೆಗೆ ತಂದರೆಂದು ಪರಂಪರೆ ಹೇಳುತ್ತದೆ. ಮುಂದಿನ ಶತಮಾನದ ಖಲೀಲ್ ಇಬ್ನ್ ಅಹ್ಮದ್ ಅವರಿಗೆ ಇಂದಿನ ರೂಪದ ಶ್ರೇಯ ಸಲ್ಲುತ್ತದೆ. ಎಲ್ಲಿ ನಿಲ್ಲಬೇಕು, ಎಲ್ಲಿ ಮುಂದುವರಿಯಬೇಕು ಎಂಬ ಗುರುತುಗಳನ್ನು 12ನೆಯ ಶತಮಾನದಲ್ಲಿ ಸಜಾವಂದಿ ಕ್ರಮಗೊಳಿಸಿದರು. ಮೊದಲಲ್ಲಿ ಇದಕ್ಕೆ ವಿರೋಧವೂ ಇತ್ತು. 795ರಲ್ಲಿ ನಿಧನರಾದ ಇಮಾಮ್ ಮಾಲಿಕ್ ಅವರ ನಿಲುವೆಂದು ದಾಖಲಾಗಿರುವುದು ಇದು: ಮಕ್ಕಳು ಕಲಿಯುವ ಪ್ರತಿಗಳಲ್ಲಿ ಚುಕ್ಕಿಗಳಿರಲಿ, ಮೂಲ ಪ್ರತಿಗಳಲ್ಲಿ ಬೇಡ. ಚಿಹ್ನೆ ಒಳ್ಳೆಯದೋ ಕೆಟ್ಟದ್ದೋ ಎಂಬ ಜಗಳಕ್ಕೆ ಅವರು ಹೋಗಲಿಲ್ಲ. ಯಾರಿಗಾಗಿ, ಎಲ್ಲಿ ಎಂದು ಕೇಳಿದರು.

ದೇವವಾಣಿಯ ಪ್ರತಿಗೂ ಮೊಬೈಲಿನ ಹರಟೆಗೂ ಹೋಲಿಕೆಯಿಲ್ಲ ಎಂಬುದು ನಮಗೆ ಗೊತ್ತು. ಆದರೆ ಆ ವಿವೇಚನೆಯನ್ನು ಎರವಲು ಪಡೆಯಬಹುದು. ಪರಸ್ಪರ ಬಲ್ಲವರು ಬರೆದುಕೊಳ್ಳುವಲ್ಲಿ, ದನಿ ಕೇಳದ ಕಡೆ ತಮಾಷೆ ತಮಾಷೆಯೇ ಎಂದು ತಿಳಿಸಲು ಒಂದು ಮುಖ ಇದ್ದರೆ ತಪ್ಪೇನಿಲ್ಲ. ಅಕ್ಷರ ಬಾರದ ಅಜ್ಜಿ ಮೊಮ್ಮಗನಿಗೆ ಒಂದು ಹೃದಯದ ಚಿತ್ರ ಕಳಿಸಿದರೆ ಅದನ್ನು ಹಾಸ್ಯ ಮಾಡುವ ಹಕ್ಕು ಯಾವ ಪಂಡಿತನಿಗೂ ಇಲ್ಲ. ಆದರೆ ಅಪರಿಚಿತರೂ ಓದುವ ಲೇಖನದಲ್ಲಿ, ಮುಂದಿನವರಿಗೆ ಉಳಿಯಬೇಕಾದ ಬರಹದಲ್ಲಿ ಭಾವದ ಭಾರವನ್ನು ವಾಕ್ಯವೇ ಹೊರಬೇಕು. ಹರಿದ ಮೂಲೆಯ ಅರ್ಥದಲ್ಲಿ ಇಡೀ ಊರಿಗೆ ಒಮ್ಮತವಿತ್ತು. ಹಳದಿ ಮುಖದ ಅರ್ಥದಲ್ಲಿ ಒಂದೇ ಮನೆಯ ಎರಡು ತಲೆಮಾರುಗಳಿಗೂ ಒಮ್ಮತವಿಲ್ಲ.

ಕೊನೆಗೆ ಭದ್ರಾವತಿಯ ಆ ಹಿರಿಯರು ಕುಂಸಿಗೆ ತಾವೇ ಬಂದರು. “ಚಾಚಾ, ನೀವು ಕಳಿಸಿದ್ದು ನಗೋ ಮುಖ” ಎಂದು ಹುಡುಗನೊಬ್ಬ ಮೊಬೈಲ್ ಹಿಡಿದು ತೋರಿಸಿದ. ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. “ಕಣ್ಣೀರು ಇದೆಯಲ್ಲಪ್ಪಾ” ಎಂದರು. ಆಮೇಲೆ ಅವರ ಕಣ್ಣಲ್ಲೇ ನೀರು ಬಂತು. ಅದನ್ನು ಓದಲು ಆ ಮನೆಯಲ್ಲಿ ಯಾರಿಗೂ ಕಷ್ಟವಾಗಲಿಲ್ಲ.